ಕೈಗೋ, ಹಗ್ಗಕ್ಕೋ?

"ಹಗ್ಗ ಬಿಚ್ಚು."

"ಬಿಚ್ಚಲ್ಲ."

"ಬಿಚ್ಚು ಅಂದೆ."

"ನಾನೂ ಬಿಚ್ಚಲ್ಲ ಅಂದೆ, ಪಾದ್ರಿಗಳೇ. ನಿಮ್ಮ ಕಿವಿ ಚೆನ್ನಾಗೇ ಇದೆಯಲ್ಲ."

ಮಠದ ಊಟದ ಮನೆಯಲ್ಲಿ ಚಮಚಗಳ ಸದ್ದು ನಿಂತುಹೋಯಿತು. ಉದ್ದನೆಯ ಮೇಜಿನ ಎರಡೂ ಕಡೆ ಕೂತಿದ್ದ ಕಂದು ನಿಲುವಂಗಿಯ ಗಡ್ಡದವರೆಲ್ಲ ತಮ್ಮ ತಮ್ಮ ಬಟ್ಟಲಿನೊಳಗೇ ಏನೋ ಕಳೆದುಕೊಂಡವರಂತೆ ತಲೆ ತಗ್ಗಿಸಿದರು. ಕಡಲೆಕಾಳಿನ ಸೂಪು ಆರುತ್ತಿತ್ತು. ಅದನ್ನು ಕುಡಿಯುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಕ್ವಿಂತೊ ಲತ್ತಾಂಜಿ, ಮೊಂತೆಸೆರ್ರ ಪೊಲೀಸ್ ಠಾಣೆಯ ಮುಖ್ಯಸ್ಥ, ಇಲ್ಲಿಯವರ ಬಾಯಲ್ಲಿ ಮರೆಶಾಲ್ಲೊ. ಈ ಊರಿನ ಕಳ್ಳರೂ ನಾನೂ ಒಂದೇ ಬಾವಿಯ ನೀರು ಕುಡಿದು ಬೆಳೆದವರು, ಹಾಗಾಗಿ ಠಾಣೆಗೆ ಮೇಲಿನವರು ಬೇರೆ ಯಾರನ್ನೂ ಕಳಿಸಿಲ್ಲ.

ಹೋದ ಗುರುವಾರ ಮುಸ್ಸಂಜೆ ವಿಧವೆ ದೊಮಿತಿಲ್ಲ ರಿಪಾಂತಿಯನ್ನು ಅವಳ ಮನೆಯಲ್ಲೇ ಯಾರೋ ಕತ್ತು ಹಿಸುಕಿ ಕೊಂದಿದ್ದರು. ಹೊಸ್ತಿಲ ಬಳಿ ಮಠದ ಫ್ರಾ ಕಾಂದಿದೊನ ಭಿಕ್ಷೆಯ ಜೋಳಿಗೆ ಬಿದ್ದಿತ್ತು. ನಿನ್ನೆಯಷ್ಟೇ ಅವಳನ್ನು ಮಣ್ಣು ಮಾಡಿದ್ದೆವು. ಬಂಧನದ ಆದೇಶ ನನ್ನ ಜೇಬಿನಲ್ಲಿತ್ತು. ಆದರೆ ಮೈಮೇಲೆ ನಿಲುವಂಗಿ ಇರುವವನನ್ನು ಹಿಡಿಯಬೇಕಾದರೆ ಬಿಷಪ್ಪರು ಹ್ಞೂಂ ಅನ್ನಬೇಕು, ಅವರು ನೋಡೋಣ ನೋಡೋಣ ಅನ್ನುತ್ತಲೇ ಇದ್ದರು.

ಮಠದ ಮುಖ್ಯಸ್ಥ ಪಾದ್ರಿ ಮಾಕಾರಿಯೊಗೆ ಅಷ್ಟು ತಾಳ್ಮೆ ಇರಲಿಲ್ಲ. ಸೊಂಟದ ಹಗ್ಗ ಬಿಚ್ಚಿಸಿ ನಿಲುವಂಗಿ ಕಳಚಿಸಿಬಿಟ್ಟರೆ ಫ್ರಾ ಕಾಂದಿದೊ ಊರಿನ ಯಾವನೋ ಒಬ್ಬ ಗಂಡಸು. ಸಂಜೆಯೊಳಗೆ ಜೈಲು, ಆಮೇಲೆ ಬದುಕಿರುವ ತನಕ ಜೈಲು.

"ನೋಡಿ ಸಿನ್ಯೋರ್ ಬಾರ್ಬಾಂತಿ," ಎಂದರು ಮಾಕಾರಿಯೊ. ಕತ್ತರಿಸಿದ ಹಾಗೆ ಮಾತಾಡುವ ಮನುಷ್ಯ, ಗಡ್ಡವನ್ನೂ ಹಾಗೇ ಕತ್ತರಿಸಿಕೊಳ್ಳುತ್ತಾರೆ.

"ಅದ್ಯಾರು?" ಫ್ರಾ ಕಾಂದಿದೊ ಹಿಂದೆ ತಿರುಗಿ ನೋಡಿದ. "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ. ಆ ಹೆಸರನ್ನ ನಾನು ಈ ಮಠದ ಬಾಗಿಲಲ್ಲಿ ಬಿಟ್ಟು ಒಳಗೆ ಬಂದೆ. ನಾನು ಫ್ರಾ ಕಾಂದಿದೊ."

"ಈ ಕ್ಷಣದಿಂದ ನಿನ್ನನ್ನ ಯಾರೂ ಫ್ರಾ ಅನ್ನಕೂಡದು. ಅದು ನನ್ನ ಆಜ್ಞೆ."

ಕಾಂದಿದೊ ನಕ್ಕ. ಆಳು ಎತ್ತರ, ಬಿಸಿಲಿಗೆ ಸುಟ್ಟ ಮುಖ, ಕಾಲಿನಲ್ಲಿ ಅರ್ಧ ಸವೆದ ಚಪ್ಪಲಿ. ವರ್ಷವೆಲ್ಲ ಬೆಟ್ಟ ಹತ್ತಿ ಇಳಿದು ಮಠಕ್ಕೆ ಎಣ್ಣೆ, ಕಾಳು, ಉಣ್ಣೆ ಬೇಡಿ ತರುವವನು ಅವನೇ. ಅಂಥವನು ಇಡೀ ಮಠದ ಎದುರು ಮುಖ್ಯಸ್ಥರನ್ನು ನೋಡಿ ನಗುವುದನ್ನು ನಾನು ಕಂಡದ್ದು ಅದೇ ಮೊದಲು, ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು.

"ಪಾದ್ರಿ ಅನ್ನೋದು ಪದವಿ. ಪಾದ್ರಿ ಅಂದ್ರೆ ಅಪ್ಪ. ಅದನ್ನ ಬಿಷಪ್ಪರು ತಲೆ ಮೇಲೆ ಕೈಯಿಟ್ಟು ಕೊಡ್ತಾರೆ," ಎಂದ. "ಫ್ರಾ ಅನ್ನೋದನ್ನ ನಂಗೆ ಯಾರು ಕೊಟ್ರು? ಲ್ಯಾಟಿನ್ನಿನ ಫ್ರಾತೆರ್, ಜನರ ಬಾಯಲ್ಲಿ ಓಡಾಡಿ ಓಡಾಡಿ ಸವೆದು ಫ್ರಾ ಆಯ್ತು, ಈ ನನ್ನ ಚಪ್ಪಲಿ ಥರ. ಒಡಹುಟ್ಟಿದೋನು ಅಂತ, ಅಷ್ಟೇ. ನಮ್ಮ ಪಂಥ ಹುಟ್ಟುಹಾಕಿದ ಅಸೀಸಿಯ ಸಂತ ತನ್ನ ಜೊತೆಗಾರರಿಗೆಲ್ಲ ಅದೊಂದೇ ಹೆಸರಿಟ್ಟ. ನಮ್ಮಲ್ಲಿ ಒಡೆಯ ಇಲ್ಲ, ದೊಡ್ಡೋರಿಲ್ಲ, ಅಣ್ಣತಮ್ಮಂದಿರು ಮಾತ್ರ ಅಂದ. ತಾನೂ ಪಾದ್ರಿ ಆಗಲಿಲ್ಲ. ನೀವು ಹಗ್ಗ ಕಿತ್ಕೋಬಹುದು. ಅಣ್ಣತಮ್ಮ ಅನ್ನೋದನ್ನ ಕಿತ್ಕೊಳ್ಳೋಕೆ ಯಾವ ಅಪ್ಪನಿಂದಲೂ ಆಗಲ್ಲ."

"ಭಿಕ್ಷೆ ಬೇಡೋನು ನಂಗೆ ಲ್ಯಾಟಿನ್ ಕಲಿಸ್ತಾನೆ!" ಮಾಕಾರಿಯೊ ಮೇಜು ಗುದ್ದಿದರು. ಬಟ್ಟಲುಗಳು ಹಾರಿ ಕೂತವು.

ನಾನು ನಡುವೆ ಬಾಯಿ ಹಾಕಿದೆ. "ಸಂಜೆ ಪ್ರಾರ್ಥನೆಯ ಗಂಟೆ ತನಕ ನಂಗೆ ಟೈಮ್ ಕೊಡಿ, ಪಾದ್ರಿಗಳೇ. ಅಷ್ಟರವರೆಗೂ ಅವನ ಹಗ್ಗ ಅವನ ಸೊಂಟದಲ್ಲೇ ಇರಲಿ."

"ಯಾಕೆ? ಸಾಕ್ಷಿ ಇದೆ, ಜೋಳಿಗೆ ಇದೆ. ಇನ್ನೇನು ಬೇಕು ನಿಮಗೆ?"

"ಜೋಳಿಗೆ ಹಗಲೂ ರಾತ್ರಿ ನಿಮ್ಮ ಹೆಬ್ಬಾಗಿಲ ಗೂಟದಲ್ಲೇ ನೇತಾಡುತ್ತೆ. ದಾರೀಲಿ ಹೋಗೋ ನಾಯಿ ಬೇಕಾದ್ರೂ ಎತ್ಕೊಂಡು ಹೋಗಬಹುದು."

ಮಾಕಾರಿಯೊ ಒಂದು ಬೆರಳೆತ್ತಿದರು. "ಗಂಟೆ ಬಾರಿಸಿದ ಮೇಲೆ ಒಂದು ಮಾತೂ ಕೇಳಲ್ಲ."

ಕಾಂದಿದೊ ನನ್ನನ್ನು ಹೆಬ್ಬಾಗಿಲ ತನಕ ಬಿಟ್ಟುಕೊಡಲು ಬಂದ. ಅಲ್ಲಿ ಬುಟ್ಟಿಯಲ್ಲಿ ಮೊಟ್ಟೆ ಹಿಡಿದು ಒಬ್ಬ ಹೆಂಗಸು ಕಾಯುತ್ತಿದ್ದಳು. ಊರೆಲ್ಲ ಕೊಲೆಗಾರ ಅಂದರೂ ಅವಳಿಗೆ ಲೆಕ್ಕಕ್ಕಿರಲಿಲ್ಲ. ಬಗ್ಗಿ ಅವನ ಕೈ ಹಿಡಿಯಹೋದಳು. ಅವನು ಕೈಯನ್ನು ನಿಲುವಂಗಿಯ ತೋಳಿನೊಳಗೆ ಎಳೆದುಕೊಂಡು, ಸೊಂಟದ ಹಗ್ಗದ ತುದಿಯನ್ನು ಮುಂದೆ ಮಾಡಿದ. ಅವಳು ಅದರ ಗಂಟಿಗೆ ಮುತ್ತಿಟ್ಟು, ಮೊಟ್ಟೆ ಕೊಟ್ಟು ಹೋದಳು.

ಹುಟ್ಟಿದಾಗಿನಿಂದ ನೋಡಿದ ನೋಟ. ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ.

"ಗುರುವಾರ ಮುಸ್ಸಂಜೆ ಎಲ್ಲಿದ್ದೆ? ಕೊನೇ ಸಲ ಕೇಳ್ತಿದ್ದೀನಿ," ಎಂದೆ.

"ಕೊನೇ ಸಲ ಹೇಳ್ತಿದ್ದೀನಿ, ತೋಟದಲ್ಲಿ ಕೋಸಿಗೆ ಮಣ್ಣು ಏರಿಸ್ತಿದ್ದೆ. ನೋಡಿದೋರು ಯಾರು ಅಂತೀರಾ? ಕೋಸುಗಳೇ ನೋಡಿದ್ದು, ಅವು ಸಾಕ್ಷಿ ಹೇಳಲ್ಲ."

"ನಿನ್ನ ಕೊಬ್ಬು ನಿನ್ನನ್ನ ಜೈಲಿಗೆ ಹಾಕುತ್ತೆ ಕಣಯ್ಯ."

"ಹಾಕಲಿ ಬಿಡಿ. ಅಲ್ಲೂ ಅಣ್ಣತಮ್ಮಂದಿರು ಇರ್ತಾರೆ."

ಇವನನ್ನು ಉಳಿಸುವುದು ಅಂದರೆ ಮುಳುಗುವವನನ್ನು ಜುಟ್ಟು ಹಿಡಿದು ಎಳೆಯುವುದು, ಅವನು ನಮ್ಮ ಕೈಯನ್ನೇ ಕಚ್ಚುತ್ತಾನೆ. ಬೈದುಕೊಳ್ಳುತ್ತಾ ಇಳಿಜಾರಿನ ಬೀದಿ ಹಿಡಿದೆ.

ನಮ್ಮ ಏಕೈಕ ಸಾಕ್ಷಿ ಅರ್ಜೆಂತಿನ, ಹುಲ್ಲಿನ ಟೋಪಿ ಹೆಣೆಯುವವಳು. ಅವಳ ಮನೆಯ ಬಾಗಿಲೂ ಸತ್ತವಳ ಮನೆಯ ಬಾಗಿಲೂ ಎದುರುಬದುರು. ಜಗಲಿಯ ಮೇಲೆ ಕೂತು, ಬಾಯಲ್ಲಿ ಹುಲ್ಲಿನ ಎಳೆಗಳನ್ನು ಕಚ್ಚಿ ಒದ್ದೆ ಮಾಡುತ್ತಾ, ಬೆರಳಲ್ಲಿ ಜಡೆ ಹಾಕುತ್ತಿದ್ದಳು.

"ಮತ್ತೆ ಬಂದ್ರಾ?" ಎಂದಳು, ಹುಲ್ಲು ಉಗುಳದೆ. "ಈ ಸಲ ಕುರ್ಚಿ ಹಾಕಲ್ಲ. ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ."

"ನಿಂತೇ ಕೇಳ್ತೀನಿ. ಇನ್ನೊಂದ್ಸಲ ಹೇಳಮ್ಮ."

"ಏನು ಹೇಳೋದು? ಕತ್ತಲಾಗ್ತಿತ್ತು. ಒಣಗೋಕೆ ಹಾಕಿದ್ದ ಹುಲ್ಲು ಒಳಗೆ ತಗೋತಿದ್ದೆ. ಕಾಂದಿದೊ ಬಂದ. ಮುಸುಕು ಹಾಕ್ಕೊಂಡಿದ್ದ, ಹೆಗಲ ಮೇಲೆ ಜೋಳಿಗೆ. ಎದ್ದು ಹೋಗಿ ನಮಸ್ಕಾರ ಮಾಡ್ದೆ. ಅವನು ದೊಮಿತಿಲ್ಲನ ಮನೆಗೆ ಹೋದ. ನಾನು ಒಳಗೆ ಹೋದೆ. ಮುಗೀತು."

"ಮುಖ ನೋಡಿದ್ಯಾ?"

"ಮುಸುಕಿನೊಳಗೆ ಮುಖ ಹುಡುಕೋಕೆ ನಾನೇನು ಬೆಕ್ಕಾ? ಗಡ್ಡ ಇತ್ತು. ಎಲ್ಲರಿಗೂ ಇರುತ್ತೆ. ಜೋಳಿಗೆ ಇತ್ತು. ಜೋಳಿಗೆ ಹೊರೋನು ಅವನೊಬ್ಬನೇ."

"ಮಾತಾಡಿದ್ನಾ?"

"ಇಲ್ಲ. ಅದೊಂದು ನಂಗೂ ಬೇಜಾರಾಯ್ತು. ಯಾವಾಗಲೂ 'ಏನಮ್ಮ ಅರ್ಜೆಂತಿನ, ನನ್ನ ತಲೆಗೊಂದು ಟೋಪಿ ಯಾವಾಗ?' ಅಂತ ರೇಗಿಸ್ತಿದ್ದ. ಅವತ್ತು ಸುಮ್ನೆ ಕೈ ಕೊಟ್ಟ, ಮುತ್ತಿಟ್ಟೆ, ಹೋದ."

ನಾನು ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಿದ್ದವನು ಹಾಗೇ ನಿಂತೆ.

"ಏನು ಕೊಟ್ಟ?"

"ಕೈ."

"ಅರ್ಜೆಂತಿನ, ಸರಿಯಾಗಿ ನೆನಪು ಮಾಡ್ಕೊ. ನೀನು ಮುತ್ತಿಟ್ಟಿದ್ದು ಕೈಗೋ, ಹಗ್ಗಕ್ಕೋ?"

"ಕೈಗೇ. ಅವನೇ ಮುಂದಕ್ಕೆ ಚಾಚಿದ. ಮೆತ್ತಗಿತ್ತು, ಮೇಣದ..."

ಅವಳ ಬಾಯಿಂದ ಹುಲ್ಲು ಮಡಿಲಿಗೆ ಬಿತ್ತು.

ಈ ಬೆಟ್ಟದ ಊರುಗಳಲ್ಲಿ ಹಾಲು ಕುಡಿಯುವ ಮಗುವಿಗೂ ಇದು ಗೊತ್ತು. ಪಾದ್ರಿಯ ಕೈ ಪೂಜೆಯಲ್ಲಿ ದೇವರ ರೊಟ್ಟಿ ಎತ್ತುವ ಕೈ, ಅದಕ್ಕೆ ಮುತ್ತಿಡುತ್ತೇವೆ. ಫ್ರಾ ಆದವನು ಹಗ್ಗ ಕೊಡುತ್ತಾನೆ. ಅವನು ನಮ್ಮ ಒಡಹುಟ್ಟಿದವನು, ಒಡಹುಟ್ಟಿದವನ ಕೈಗೆ ಯಾರು ಮುತ್ತಿಡುತ್ತಾರೆ? ಹೆಂಗಸೊಬ್ಬಳು ಬಗ್ಗಿದಳು ಅಂದರೆ ಫ್ರಾನ ಕೈ ತಾನಾಗಿ ಹಿಂದೆ ಹೋಗುತ್ತದೆ, ಪಾದ್ರಿಯ ಕೈ ತಾನಾಗಿ ಮುಂದೆ ಬರುತ್ತದೆ. ಅದಕ್ಕೆ ಯೋಚನೆ ಬೇಕಿಲ್ಲ. ಕೊಲ್ಲಲು ಹೊರಟವನಿಗೂ ಬೇಕಿಲ್ಲ.

ಕಂಡವರ ಜೋಳಿಗೆ ಕದ್ದು ಹೆಗಲಿಗೇರಿಸಿದ್ದ. ಮುಸುಕು ಎಳೆದುಕೊಂಡಿದ್ದ. ಕೈಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಲು ಮರೆತಿದ್ದ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕಿರುಚಿದೆ.

"ನನ್ನ ಮೇಲೆ ಯಾಕೆ ಹಾರ್ತೀರಾ?" ಅವಳು ನನಗಿಂತ ಜೋರಾಗಿ ಕಿರುಚಿದಳು. "ನೀವು ಕೇಳಿದ್ದೇನು? 'ಕಾಂದಿದೊ ತಾನೇ? ಜೋಳಿಗೆ ಇತ್ತು ತಾನೇ?' ಉತ್ತರ ನೀವೇ ಹೊತ್ಕೊಂಡು ಬಂದಿದ್ರಿ, ನಾನು ಹ್ಞೂಂ ಅಂದೆ. ಏನು ನಡೀತು ಹೇಳಮ್ಮ ಅಂತ ಇವತ್ತೇ ಮೊದಲ ಸಲ ಬಾಯಿಬಿಟ್ಟು ಕೇಳಿದ್ದೀರಿ!"

ಅವಳು ಕಣ್ಣೊರೆಸಿಕೊಂಡು ಎದ್ದಳು.

"ನಿಂತ್ಕೊಂಡು ಏನು ನೋಡ್ತೀರಾ? ಓಡಿ. ಆ ಪಾಪದವನನ್ನ ನಾನೇ ಹಳ್ಳಕ್ಕೆ ತಳ್ಳಿದ್ನಲ್ಲ ದೇವರೇ!"

ನನ್ನ ವಯಸ್ಸಿನವನು ಆ ಏರು ಓಡಬಾರದು. ಓಡಿದೆ.

ಮಾಕಾರಿಯೊ ಗಂಟೆಗೆ ಕಾದಿರಲಿಲ್ಲ. ಒಳಾಂಗಣದ ಬಾವಿಯ ಸುತ್ತ ಮಠದವರೆಲ್ಲ ಸೇರಿದ್ದರು. ಇಬ್ಬರು ಕಾಂದಿದೊನ ತೋಳು ಹಿಡಿದಿದ್ದರು, ಹಿಡಿದವರ ಮುಖದಲ್ಲೇ ಅಳು ಇತ್ತು. ಮುಖ್ಯಸ್ಥರ ಬೆರಳು ಅವನ ಸೊಂಟದ ಗಂಟಿನ ಮೇಲಿತ್ತು.

"ಕೈ ತೆಗೀರಿ!" ಎಂದೆ. ಬಾವಿಯೂ ನನ್ನ ಮಾತನ್ನು ತಿರುಗಿ ಹೇಳಿತು.

ಮಾಕಾರಿಯೊ ನಿಧಾನವಾಗಿ ತಿರುಗಿದರು. ನನ್ನನ್ನು ನೋಡಿದ್ದೇ ತಡ, ಅವರ ಬಲಗೈ ರೂಢಿಯಂತೆ ಮುಂದೆ ಬಂತು. ನಾನು ಆ ಕೈಯನ್ನು ನೋಡಿದೆ. ಬಗ್ಗಲಿಲ್ಲ. ಈ ಮಠದಲ್ಲಿ ನಲವತ್ತು ವರ್ಷಗಳಿಂದ ಬಗ್ಗಿದ ಬೆನ್ನು ನನ್ನದು, ಆ ಹೊತ್ತು ಅದಕ್ಕೆ ಬಗ್ಗುವ ಮನಸ್ಸಾಗಲಿಲ್ಲ.

"ಆ ಕೈ ಹಾಗೇ ಇರಲಿ, ಪಾದ್ರಿಗಳೇ, ಎಲ್ಲರೂ ನೋಡಲಿ," ಎಂದೆ. "ಗುರುವಾರ ಮುಸ್ಸಂಜೆ ಜೋಳಿಗೆ ಹೊತ್ಕೊಂಡು ಬಂದೋನು ಅರ್ಜೆಂತಿನಗೆ ಹೀಗೇ ಕೈ ಚಾಚಿದ. ಮುತ್ತಿಡಿಸಿಕೊಂಡ. ಇಲ್ಲಿ ಯಾವ ಫ್ರಾ ಆದ್ರೂ ಹೆಂಗಸರಿಗೆ ಕೈ ಕೊಟ್ಟಿದ್ದಾನಾ? ಹೇಳಿ, ಒಬ್ಬನಾದ್ರೂ?"

ಗಡ್ಡಗಳ ನಡುವೆ ಗುಜುಗುಜು ಎದ್ದಿತು. ತೋಳು ಹಿಡಿದಿದ್ದ ಇಬ್ಬರೂ ಕಾಂದಿದೊನನ್ನು ಬಿಟ್ಟರು, ಒಬ್ಬ ಅವನ ತೋಳನ್ನು ಒರೆಸಿಯೂ ಒರೆಸಿದ.

"ಬಂದೋನು ಫ್ರಾ ಅಲ್ಲ. ಪಾದ್ರಿ," ಎಂದೆ.

ಮಾಕಾರಿಯೊ ಕೈ ಹಿಂದಕ್ಕೆ ತೆಗೆದುಕೊಂಡರು. ಬೆವರಬೇಕಿತ್ತು, ಬೆವರಲಿಲ್ಲ.

"ಚೆನ್ನಾಗಿದೆ. ಗುರುವಾರ ಮುಸ್ಸಂಜೆ ನಾನು ಕೆಥೆಡ್ರಲ್ಲಿನಲ್ಲಿ ಪ್ರವಚನ ಮಾಡ್ತಿದ್ದೆ. ಮೊದಲ ಸಾಲಲ್ಲಿ ಬಿಷಪ್ಪರಿದ್ರು. ಅವರ ಹಿಂದೆ ನಿಮ್ಮ ಹೆಂಡತಿ ಕೂತಿದ್ರು. ಮನೆಗೆ ಹೋಗಿ ಕೇಳಿ."

ಕೇಳಬೇಕಾಗಿರಲಿಲ್ಲ. ನನ್ನಾಕೆ ಅವತ್ತು ಊಟ ಬಡಿಸುತ್ತಾ ಆ ಪ್ರವಚನವನ್ನೂ ಮೊದಲಿಂದ ಕೊನೆ ತನಕ ಬಡಿಸಿದ್ದಳು. ಕೋಪ ತಲೆಗೇರಿದವನಿಗೆ ಕಣ್ಣೆದುರಿನದೂ ಮರೆಯುತ್ತದೆ.

"ಈಗ ನಿಮ್ಮ ತರ್ಕವನ್ನೇ ಮುಂದುವರಿಸೋಣ," ಎಂದರು ಮಾಕಾರಿಯೊ. "ಗಡ್ಡ, ಮುಸುಕು ಇರೋ ಪಾದ್ರಿಗಳು ಈ ಮಠದಲ್ಲಿ ಮಾತ್ರ, ಅದೂ ಇಬ್ಬರೇ. ನಾನಲ್ಲ. ಹಾಗಾದ್ರೆ?"

ಎಲ್ಲರ ಕಣ್ಣೂ ಬಾವಿಕಟ್ಟೆಯತ್ತ ಹೊರಳಿತು. ಅಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದವರು ಪಾದ್ರಿ ಎಲೀಜೊ. ನಮ್ಮ ಊರಿನ ಅರ್ಧ ಜನರಿಗೆ ಹೆಸರಿಟ್ಟವರು, ಈಗ ತಮ್ಮ ಹೆಸರನ್ನೇ ಮರೆಯುವವರು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದರು, ಇನ್ನೊಂದು ಕೈಯಲ್ಲಿತ್ತು.

"ಚಮಚ ಹಿಡಿಯೋಕಾಗದ ಕೈ," ಎಂದೆ. "ಅದು ಕತ್ತು ಹಿಸುಕುತ್ತಾ?"

"ಬುದ್ಧಿ ಹೋದೋರಿಗೆ ಬಲ ಎಲ್ಲಿಂದಲೋ ಬರುತ್ತೆ. ಹಿರಿಯರು ಹೇಳದೆ ಕೇಳದೆ ಹೊರಗೆ ಹೋಗ್ಬಿಡ್ತಾರೆ, ಹೋದ ಸಂತೆ ದಿನ ಕತ್ತೆಗಳ ಮಧ್ಯೆ ಸಿಕ್ಕಿದ್ರು. ಕೈಗೆ ಸಿಕ್ಕಿದ್ದನ್ನ ಹೊತ್ಕೊಂಡು ಹೋಗ್ತಾರೆ. ಮಠದ ಮಾನ ಅಂತ ಸುಮ್ನಿದ್ದೆ." ಮಾಕಾರಿಯೊರ ದನಿಯಲ್ಲಿ ಕನಿಕರ ಇತ್ತು, ನನಗೆ ಅದೇ ಹೇಸಿಗೆ ಅನ್ನಿಸಿತು. "ಜೈಲು ಬೇಡ ಪಾಪ. ಹುಚ್ಚಾಸ್ಪತ್ರೆಗೆ ಕಳಿಸಿಕೊಡೋಣ. ಇವನನ್ನ ಜೈಲಿಗೆ ಒಯ್ಯೋಕೆ ಕರೆಸಿದ ಗಾಡಿ ಹೇಗೂ ಬಂದಿದೆಯಲ್ಲ."

ಮುದುಕರು ಹೆಸರು ಕೇಳಿದ ಕಡೆಗೆಲ್ಲ ತಲೆ ತಿರುಗಿಸುತ್ತಿದ್ದರು.

"ನಾನಾ? ದೊಮಿತಿಲ್ಲನ ಮನೆಗಾ?" ಕೇಳಿದರು ಎಲೀಜೊ. "ಹೋಗಿದ್ನೇನಪ್ಪ? ನೆನಪಾಗ್ತಿಲ್ಲ. ಹೋಗಿದ್ರೆ ತಪ್ಪಾಯ್ತು ಅಂತ ಆಕೆಗೆ ಹೇಳಿ."

ಒಬ್ಬನ ಕುತ್ತಿಗೆಯಿಂದ ಉರುಳು ತೆಗೆದೆ ಅಂದುಕೊಂಡು ಅದನ್ನು ಒಯ್ದು ಮಗುವಿನಂಥವರ ಕುತ್ತಿಗೆಗೆ ಹಾಕಿದ್ದೆ. ಆ ಕೈ ಕೊಲೆ ಮಾಡಿಲ್ಲ ಎಂದು ನನಗೆ ಗೊತ್ತು. ಆದರೆ ಇಡೀ ಮಠದ ಎದುರು, ನನ್ನ ಬಾಯಿಂದಲೇ, ಅದೊಂದು ಕೈ ಮಾತ್ರ ಉಳಿದಿತ್ತು.

ಮಾಕಾರಿಯೊ ಸನ್ನೆ ಮಾಡಿದರು. ಮಠದವರಿಬ್ಬರು ಎಲೀಜೊರ ಕಡೆ ಹೆಜ್ಜೆ ಇಟ್ಟರು.

"ಅವರನ್ನ ಮುಟ್ಟಿದ್ರೆ ನೋಡಿ!"

ಕಾಂದಿದೊ ಬಾವಿಯನ್ನು ಸುತ್ತಿ ಬಂದು ಮುದುಕರ ಮುಂದೆ ಗೋಡೆಯಂತೆ ನಿಂತ. ಬಗ್ಗಿ ಕೈಯಲ್ಲಿದ್ದ ಚಪ್ಪಲಿಯನ್ನು ತೆಗೆದು ಅವರ ಕಾಲಿಗೆ ತೊಡಿಸಿದ.

"ನೀನು ಸುಮ್ನಿರಪ್ಪ," ಎಂದೆ ತಗ್ಗಿದ ದನಿಯಲ್ಲಿ. "ನೀನು ಬಚಾವಾದೆ. ಇವರದ್ದು ನಾನು ಹೇಗಾದ್ರೂ ನೋಡ್ತೀನಿ."

"ಇವರನ್ನ ಕೊಟ್ಟು ನಾನು ಬಚಾವಾಗೋದಾ?" ಅವನು ಎದ್ದು ನಿಂತ. "ಆಮೇಲೆ ಯಾವ ಮುಖ ಇಟ್ಕೊಂಡು ಫ್ರಾ ಅನ್ನಿಸ್ಕೊಳ್ಳಲಿ? ಹಗ್ಗ ಬಿಚ್ಚಲ್ಲ ಅಂತ ಬೆಳಿಗ್ಗೆಯಿಂದ ಯಾಕೆ ಜಗಳ ಆಡ್ದೆ ಅಂದ್ಕೊಂಡ್ರಿ?"

"ಕಾಂದಿದೊ, ಬಾಯಿ ಮುಚ್ಚು."

"ಮುಚ್ಚಲ್ಲ. ಮರೆಶಾಲ್ಲೊ, ಕೈ ಚಾಚಿದ್ದು ಪಾದ್ರಿ ಅಂತ ಕಂಡುಹಿಡಿದ್ರಲ್ಲ, ಭೇಷ್. ಆದ್ರೆ ಎಣಿಸೋದ್ರಲ್ಲಿ ತಪ್ಪಿದ್ರಿ. ಈ ಮಠದಲ್ಲಿ ಪಾದ್ರಿಗಳು ಇಬ್ಬರಲ್ಲ, ಮೂವರು."

ನಾನು ಸುತ್ತಲಿನ ಗಡ್ಡಗಳನ್ನು ಒಂದೊಂದಾಗಿ ನೋಡಿದೆ.

"ಮೂರನೆಯವರು ಯಾರು?"

"ನಾನು."

"ಸುಳ್ಳು!" ಮಾಕಾರಿಯೊ ಕೂಗಿದರು. ಅವರ ದನಿ ಒಡೆದದ್ದನ್ನು ನಾನು ಮೊದಲ ಸಲ ಕೇಳಿದೆ.

"ಯುದ್ಧದ ಕಾಲದಲ್ಲಿ ನಾನು ರೊಕ್ಕಮೋರದ ಇಗರ್ಜಿಯ ಪಾದ್ರಿ ಆಗಿದ್ದೆ," ಎಂದ ಕಾಂದಿದೊ, ನನ್ನ ಕಣ್ಣಲ್ಲಿ ಕಣ್ಣಿಟ್ಟು. "ಅಲ್ಲಿ ನನ್ನನ್ನ ದೋನ್ ಅಂತಿದ್ರು. ದೋನ್ ಅಂದ್ರೆ ಒಡೆಯ. ಒಂದು ದಿನ ಅಲ್ಲಿ ಏನೋ ಆಯ್ತು, ಆ ಒಡೆತನ ಬೇಡ ಅಂತ ಇಲ್ಲಿಗೆ ಬಂದೆ. ಅಪ್ಪನೂ ಆಗಲ್ಲ, ಒಡಹುಟ್ಟಿದೋನು ಆದ್ರೆ ಸಾಕು ಅಂದೆ. ಆಗಿನ ಮಠದ ಮುಖ್ಯಸ್ಥರು ಒಪ್ಪಿ ಜೋಳಿಗೆ ಕೊಟ್ರು. ಹಾಗಾಗಿ ಈ ಕೈಗೂ ಚಾಚೋ ಅಭ್ಯಾಸ ಇತ್ತು. ಮುದುಕರನ್ನ ಬಿಡಿ, ನನ್ನನ್ನ ಕರ್ಕೊಂಡು ಹೋಗಿ."

"ಕೊಂದೆ ಅಂತೀಯಾ?"

"ಇಲ್ಲ. ಪಾದ್ರಿ ಅಂದೆ, ಅಷ್ಟೇ. ಉಳಿದಿದ್ದು ಕಂಡುಹಿಡಿಯೋ ಕೆಲಸ ನಿಮ್ಮದು."

ನನಗೆ ಅವನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಮುದುಕರನ್ನು ಉಳಿಸಲು ಕಟ್ಟಿದ ಕತೆ ಇರಬೇಕು ಇದು, ಇರಲಿ ದೇವರೇ ಎಂದು ಬೇಡಿಕೊಂಡೆ.

"ನೀನು ಹೇಳಿದ ಮಾತ್ರಕ್ಕೆ ನಂಬೋಕಾಗುತ್ತಾ? ಯಾರಿಗೆ ಗೊತ್ತಿದೆ ಇದು?"

"ಆಗಿನ ಮುಖ್ಯಸ್ಥರಿಗೆ ಗೊತ್ತಿತ್ತು, ತೀರಿಕೊಂಡ್ರು. ಇನ್ನೊಬ್ಬರಿಗೆ ಗೊತ್ತಿತ್ತು. ರೊಕ್ಕಮೋರದ ಹೆಣ್ಣುಮಗಳು, ಅವಳ ಮದುವೆ ಮಾಡಿಸಿದ್ದೇ ನಾನು. ಈ ಊರಲ್ಲಿ ಜೋಳಿಗೆ ಹಿಡಿದು ಅವಳ ಬಾಗಿಲಿಗೆ ಹೋದ ದಿನವೇ ಗುರುತು ಹಿಡಿದ್ಲು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ."

"ಹೆಸರು ಹೇಳು. ಈಗಲೇ ಕರೆಸ್ತೀನಿ."

"ಎಲ್ಲಿಂದ ಕರೆಸ್ತೀರಾ, ಮರೆಶಾಲ್ಲೊ?" ಎಂದ ಫ್ರಾ ಕಾಂದಿದೊ. "ನಿನ್ನೆ ನೀವೂ ನಾನೂ ಹೋಗಿ ಮಣ್ಣು ಹಾಕಿ ಬಂದ್ವಲ್ಲ, ಅವಳೇ."